ತಿಂಗಳ ದಿನಸಿ: ಶೆಟ್ಟರ ಅಂಗಡಿಯೋ, ಮಾರ್ಟೋ, ಯಾರ್ಡೋ, ಆ್ಯಪೋ?

ಸಂಬಳ ಬಂದ ವಾರ ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಇದೇ ಚರ್ಚೆ. ಬೀದಿ ಕೊನೆಯ ಶೆಟ್ಟರ ಅಂಗಡಿಗೇ ಚೀಟಿ ಕೊಟ್ಟುಬಿಡೋಣ ಅಂತ ಒಬ್ಬರು. ಭಾನುವಾರ ಮಾರ್ಟ್‌ಗೆ ಹೋಗಿ ಟ್ರಾಲಿ ತುಂಬಿಸಿಕೊಂಡು ಬರೋಣ ಅಂತ ಇನ್ನೊಬ್ಬರು. ಯಶವಂತಪುರದ ಸಗಟು ಯಾರ್ಡ್‌ನಲ್ಲಿ ಮೂಟೆ ಅಕ್ಕಿ ಅಗ್ಗ ಅನ್ನುವುದು ಅತ್ತೆಯ ವಾದ. ಇವರ ಮಾತು ಮುಗಿಯುವಷ್ಟರಲ್ಲಿ ಮಗಳು ಫೋನ್‌ನಲ್ಲೇ ಆರ್ಡರ್ ಮಾಡಿ ಮುಗಿಸಿರುತ್ತಾಳೆ.

ನಾಲ್ವರ ಮಾತಿನಲ್ಲೂ ಹುರುಳಿದೆ. ಆದರೆ ‘ಯಾವ ಅಂಗಡಿ ಅಗ್ಗ’ ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ಅಕ್ಕಿಗೆ ಅಗ್ಗವಾದ ಜಾಗದಲ್ಲಿ ಸೋಪು ಸಿಗುವುದೇ ಇಲ್ಲ, ಸೋಪಿಗೆ ಅಗ್ಗವಾದ ಜಾಗದಲ್ಲಿ ಕೊತ್ತಂಬರಿ ಸೊಪ್ಪು ಬಾಡಿರುತ್ತದೆ. ಹಾಗಾಗಿ ಇಲ್ಲಿ ಅಂಗಡಿಗಳನ್ನು ತೂಗುವಾಗ ಚೀಟಿಯನ್ನೂ ಮೂರು ಪಾಲು ಮಾಡಿಕೊಂಡಿದ್ದೇವೆ: ಅಕ್ಕಿ-ಬೇಳೆ-ಎಣ್ಣೆಯಂಥ ಭಾರದ ಸಾಮಾನು, ಸೋಪು-ಟೀ ಪುಡಿ-ಪೇಸ್ಟ್‌ನಂಥ ಕಂಪನಿ ಸಾಮಾನು, ತರಕಾರಿ-ಸೊಪ್ಪಿನಂಥ ಬಾಡುವ ಸಾಮಾನು. ಉದಾಹರಣೆಗಳಲ್ಲಿ ಬಳಸಿದ ಸಾಮಾನಿನ ಬೆಲೆಗಳೆಲ್ಲ ಲೆಕ್ಕ ತೋರಿಸಲು ಹಿಡಿದವು. ನಿಮ್ಮೂರಿನ ಇವತ್ತಿನ ಬೆಲೆ ಹಾಕಿಕೊಂಡು ಓದಿ.

ಮೊದಲು ಅಳತೆಗೋಲು

ಒಂದನೆಯದು ಕೆಜಿ ಲೆಕ್ಕದ ಬೆಲೆ. ಹೇಳುವುದು ಸುಲಭ, ಆದರೆ ಹೆಚ್ಚಿನವರು ಎಡವುವುದು ಇಲ್ಲೇ. ಎಣ್ಣೆ ಪ್ಯಾಕೆಟನ್ನೇ ತೆಗೆದುಕೊಳ್ಳಿ. ಒಂದು ಲೀಟರ್ ಅಡುಗೆ ಎಣ್ಣೆ ಒಂದು ಕೆಜಿ ತೂಗುವುದಿಲ್ಲ, ಸುಮಾರು 910 ಗ್ರಾಂ ತೂಗುತ್ತದೆ. ಹಿಂದೆ ಅನೇಕ ಪದಾರ್ಥಗಳನ್ನು ಇಂತಿಷ್ಟೇ ಅಳತೆಯ ಪ್ಯಾಕೆಟ್‌ನಲ್ಲಿ ಮಾರಬೇಕೆಂಬ ಕಟ್ಟಳೆ ಇತ್ತು. ಈಗ ಅದಿಲ್ಲ. ಆದ್ದರಿಂದ ಒಂದೇ ಗಾತ್ರದಂತೆ ಕಾಣುವ ಪ್ಯಾಕೆಟ್‌ಗಳಲ್ಲಿ 910 ಗ್ರಾಂ, 850 ಗ್ರಾಂ, 800 ಗ್ರಾಂ ಹೀಗೆ ಬೇರೆ ಬೇರೆ ತೂಕ ಇರಬಹುದು. ಒಂದು ಲೀಟರ್ ಪ್ಯಾಕೆಟ್ 150 ರೂಪಾಯಿ, ಪಕ್ಕದ 800 ಗ್ರಾಂ ಪ್ಯಾಕೆಟ್ 138 ರೂಪಾಯಿ ಎಂದಿಟ್ಟುಕೊಳ್ಳಿ. ಕಣ್ಣಿಗೆ ಎರಡನೆಯದು 12 ರೂಪಾಯಿ ಅಗ್ಗ. ಕೆಜಿಗೆ ಇಳಿಸಿದರೆ ಮೊದಲನೆಯದು ಸುಮಾರು 165, ಎರಡನೆಯದು 172.50. ಡಬ್ಬದ ಎಣ್ಣೆ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. 15 ಕೆಜಿ ಡಬ್ಬ ಬೇರೆ, 15 ಲೀಟರ್ ಡಬ್ಬ ಬೇರೆ. ಲೀಟರಿನ ಡಬ್ಬದಲ್ಲಿ ಇರುವುದು 13.65 ಕೆಜಿ ಮಾತ್ರ. ಹತ್ತಿರ ಹತ್ತಿರ ಒಂದೂವರೆ ಲೀಟರ್ ಎಣ್ಣೆಯ ವ್ಯತ್ಯಾಸ.

ಪ್ಯಾಕೆಟ್‌ಗಳ ಮೇಲೆ ಈಗ ಎಂಆರ್‌ಪಿಯ ಪಕ್ಕದಲ್ಲಿ ಗ್ರಾಂಗೆ ಅಥವಾ ಮಿಲಿಗೆ ಇಷ್ಟು ಎಂಬ ಬಿಡಿ ದರವೂ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಎರಡು ಕಂಪನಿಗಳನ್ನು ಹೋಲಿಸಲು ಅದು ಒಳ್ಳೆಯದು. ಆದರೆ ಅದು ಎಂಆರ್‌ಪಿಯಿಂದ ತೆಗೆದ ಲೆಕ್ಕ. ಅಂಗಡಿಯವರು ಬಿಟ್ಟ ರಿಯಾಯಿತಿ ಅದರಲ್ಲಿ ಸೇರಿರುವುದಿಲ್ಲ.

ಎರಡನೆಯ ಅಳತೆ, ಹೋಗಿಬರುವ ಖರ್ಚು. ಮೂರನೆಯದು, ಚೀಟಿಯಲ್ಲಿ ಇಲ್ಲದೆ ಬುಟ್ಟಿಗೆ ಬಿದ್ದ ಸಾಮಾನು. ನಾಲ್ಕನೆಯದು, ಮನೆಯಲ್ಲಿ ಹುಳ ಬಿದ್ದು ಅಥವಾ ಕೊಳೆತು ಹೊರಗೆ ಹೋದದ್ದು. ಐದನೆಯದು, ಕೈಯಲ್ಲಿ ದುಡ್ಡು ಇಲ್ಲದಾಗ ಏನು ಮಾಡುತ್ತೀರಿ ಅನ್ನುವುದು. ಕೊನೆಯ ಮೂರನ್ನು ಯಾರೂ ಬೆಲೆಯಲ್ಲಿ ಸೇರಿಸುವುದಿಲ್ಲ. ಮೊದಲನೆಯದರಲ್ಲಿ ಉಳಿಸಿದ್ದು ಕರಗುವುದು ಅಲ್ಲೇ.

ಶೆಟ್ಟರ ಅಂಗಡಿ

ಹತ್ತಿರದ ಕಿರಾಣಿ ಅಂಗಡಿಯ ಬಲ ಬಿಡಿ ಸಾಮಾನು. ಕಾಲು ಕೆಜಿ ಉದ್ದಿನಬೇಳೆ, ನೂರು ಗ್ರಾಂ ಜೀರಿಗೆ, ಐವತ್ತು ಗ್ರಾಂ ಏಲಕ್ಕಿ ಅಂತ ಬೇಕಾದಷ್ಟೇ ತರಬಹುದು. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ 2022ರ ಜುಲೈ 18ರಿಂದ 5 ಪರ್ಸೆಂಟ್ ಜಿಎಸ್‌ಟಿ ಇದೆ. ಚೀಲದಿಂದ ಅಳೆದು ಕೊಡುವ ಬಿಡಿ ಅಕ್ಕಿ-ಬೇಳೆಗೆ ಅದಿಲ್ಲ. ಹಾಗಾಗಿ ಬೇಳೆಕಾಳು ಬಿಡಿಯಾಗಿ ತಂದರೆ ಪ್ಯಾಕೆಟ್‌ಗಿಂತ ಸಾಮಾನ್ಯವಾಗಿ ಅಗ್ಗವೇ ಬೀಳುತ್ತದೆ.

ಎರಡನೆಯ ಬಲ ಮುಖಪರಿಚಯ. ಬೇಳೆಯಲ್ಲಿ ಹುಳ ಬಂದರೆ ವಾಪಸ್ ಕೊಡಬಹುದು. ತೂಕದ ಮೇಲೆ ಚೂರು ಕೊಸರು ಸಿಗುತ್ತದೆ. ತಿಂಗಳ ಚೀಟಿಯನ್ನು ಒಟ್ಟಿಗೆ ಕೊಟ್ಟು ಕೈಮೇಲೆ ದುಡ್ಡು ಕೊಡುವುದಾದರೆ “ಬಿಲ್ ಮೇಲೆ ಎಷ್ಟು ಬಿಡ್ತೀರಾ ಶೆಟ್ರೇ?” ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಒಂದೊಂದು ಸಾಮಾನಿಗೂ ಚೌಕಾಸಿ ಮಾಡುವವರಿಗಿಂತ ಒಟ್ಟು ಬಿಲ್ ಮೇಲೆ ಕೇಳುವವರಿಗೆ ಹೆಚ್ಚು ಸಿಗುತ್ತದೆ, ಯಾಕೆಂದರೆ ತಿಂಗಳ ಗಿರಾಕಿಯನ್ನು ಕಳೆದುಕೊಳ್ಳಲು ಯಾವ ಅಂಗಡಿಯವರಿಗೂ ಮನಸ್ಸಿರುವುದಿಲ್ಲ.

ದೌರ್ಬಲ್ಯ ಕಂಪನಿ ಸಾಮಾನಿನಲ್ಲಿ. ಸೋಪು, ಪೇಸ್ಟ್, ಟೀ ಪುಡಿ, ಬಿಸ್ಕತ್ತು ಇಲ್ಲಿ ಬಹುತೇಕ ಎಂಆರ್‌ಪಿಗೇ. ಇನ್ನೊಂದು, ಸ್ಟಾಕ್ ನಿಧಾನವಾಗಿ ಖಾಲಿಯಾಗುವ ಅಂಗಡಿಯಲ್ಲಿ ರವೆ, ಕಡಲೆಹಿಟ್ಟು, ಶೇಂಗಾ ಹಳೆಯದಾಗಿರುತ್ತವೆ. ಶೇಂಗಾ ಒಂದೆರಡು ಬಾಯಿಗೆ ಹಾಕಿಕೊಂಡು ನೋಡಿ. ಕಮಟು ರುಚಿ ಬಂದರೆ ಆ ಅಂಗಡಿಯಲ್ಲಿ ಎಣ್ಣೆ ಅಂಶದ ಯಾವ ಕಾಳನ್ನೂ ಕೊಳ್ಳಬೇಡಿ.

ಉದ್ರಿ ವಿಚಾರ ಬೇರೆಯೇ. ತಿಂಗಳ ಕೊನೆಯ ಹತ್ತು ದಿನ ಕೈ ಕಟ್ಟಿಹೋಗುವ ಮನೆಗೆ ಶೆಟ್ಟರ ಪುಸ್ತಕ ದೊಡ್ಡ ಆಸರೆ. ಬಡ್ಡಿ ಅಂತ ಅವರು ಬರೆಯುವುದಿಲ್ಲ. ಆದರೆ ಪುಸ್ತಕದ ಗಿರಾಕಿಗೆ ರಿಯಾಯಿತಿ ಸಿಗುವುದಿಲ್ಲ, ಬೆಲೆ ಕೇಳುವ ಬಾಯಿಯೂ ಇರುವುದಿಲ್ಲ. ಹಾಗಿದ್ದರೂ ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಂಡು ತಿಂಗಳಿಗೆ 3ರಿಂದ 4 ಪರ್ಸೆಂಟ್ ಬಡ್ಡಿ ಕಟ್ಟುವುದಕ್ಕಿಂತ ಇದು ಎಷ್ಟೋ ವಾಸಿ. ಒಂದು ಕೆಲಸ ಮಾತ್ರ ತಪ್ಪದೆ ಮಾಡಿ: ಅಂಗಡಿಯ ಪುಸ್ತಕದ ಜೊತೆಗೆ ನಿಮ್ಮದೂ ಒಂದು ಪುಟ ಇರಲಿ. ಮಗು ಹೋಗಿ ತಂದ ಚಾಕಲೇಟು, ಎರಡು ಸಲ ಬರೆದ ಹಾಲು, ವಾಪಸ್ ಕೊಟ್ಟ ಬ್ರೆಡ್ಡು, ಲೆಕ್ಕ ತಪ್ಪುವುದು ಇಂಥವುಗಳಲ್ಲೇ.

ಮಾರ್ಟ್

ಡಿ-ಮಾರ್ಟ್‌ನಂಥ ದೊಡ್ಡ ಅಂಗಡಿಗಳು ಗೆಲ್ಲುವುದು ಕಂಪನಿ ಸಾಮಾನಿನಲ್ಲಿ. ಬಟ್ಟೆ ಪುಡಿ, ಪಾತ್ರೆ ಸೋಪು, ಎಣ್ಣೆ, ಟೀ ಪುಡಿ, ಡೈಪರ್ ಎಂಆರ್‌ಪಿಗಿಂತ ಕೆಳಗೆ ಸಿಗುತ್ತವೆ. ವ್ಯತ್ಯಾಸವೂ ನಿಜವೇ. ಮಗು ಇರುವ ಮನೆಗೆ ಡೈಪರ್ ಒಂದರಲ್ಲೇ ಹೋಗಿಬರುವ ಖರ್ಚು ಹುಟ್ಟಬಹುದು.

ತೊಂದರೆ ಟ್ರಾಲಿಯಲ್ಲಿದೆ. ಬಿಲ್ಲಿನ ಕೊನೆಯಲ್ಲಿ ‘ನೀವು ಉಳಿಸಿದ್ದು ಇಷ್ಟು’ ಅಂತ ಒಂದು ಸಾಲು ಬರುತ್ತದಲ್ಲ, ಅದನ್ನು ನಂಬಿಕೊಂಡು ಕೂರಬೇಡಿ. ಅದು ಎಂಆರ್‌ಪಿಗೆ ಹೋಲಿಸಿದ ಉಳಿತಾಯ. ಬೇಳೆ, ಸಕ್ಕರೆಯನ್ನು ಶೆಟ್ಟರೂ ಎಂಆರ್‌ಪಿಗೆ ಮಾರುವುದಿಲ್ಲ. ಚೀಟಿಯಲ್ಲಿ ಇಲ್ಲದೇ ಇದ್ದ ಪ್ಲಾಸ್ಟಿಕ್ ಡಬ್ಬಕ್ಕೂ ಅಲ್ಲಿ ‘ಉಳಿತಾಯ’ ತೋರಿಸುತ್ತದೆ. ಮನೆಗೆ ಬಂದು ಬಿಲ್ ಹಿಡಿದು ಕೂತು, ಚೀಟಿಯಲ್ಲಿ ಇಲ್ಲದ ಸಾಲುಗಳಿಗೆ ಪೆನ್ನಿನಲ್ಲಿ ಗುರುತು ಹಾಕಿ, ಅಷ್ಟನ್ನೇ ಕೂಡಿಸಿ ನೋಡಿ. ಆ ಮೊತ್ತ ಉಳಿತಾಯದ ಸಾಲಿಗಿಂತ ದೊಡ್ಡದಾಗಿ ಮೂರು ತಿಂಗಳು ಬಂದರೆ ನಿಮ್ಮ ಮನೆಗೆ ಮಾರ್ಟ್ ಅಗ್ಗವಲ್ಲ. ಬೇರೆಯವರ ಮನೆಗೆ ಅಗ್ಗವಾಗಿರಬಹುದು, ಅದು ಬೇರೆ ಮಾತು.

ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅನ್ನುವುದೂ ಸುಳ್ಳು. ಶಾಂಪೂ ಬಾಟಲಿಯ ಮಿಲಿ ದರವನ್ನೂ ಒಂದೆರಡು ರೂಪಾಯಿಯ ಸ್ಯಾಶೆಯ ಮಿಲಿ ದರವನ್ನೂ ಅಕ್ಕಪಕ್ಕ ಇಟ್ಟು ನೋಡಿ, ಅನೇಕ ಸಲ ಸ್ಯಾಶೆಯೇ ಗೆಲ್ಲುತ್ತದೆ. ‘ಒಂದಕ್ಕೆ ಒಂದು ಉಚಿತ’ ಎಂಬುದನ್ನು ಬೇಗ ಹಾಳಾಗದ, ಹೇಗೂ ಬಳಸುವ ಸಾಮಾನಿಗೆ ಮಾತ್ರ ಹಿಡಿಯಿರಿ. ಸೋಪಿಗೆ ಸೈ. ಆದರೆ ಎರಡು ಬಾಟಲಿ ಮಯೋನೀಸ್ ಖಾಲಿ ಮಾಡಲು ಮತ್ತೆ ನಾಲ್ಕು ಪ್ಯಾಕೆಟ್ ಬ್ರೆಡ್ ಬೇಕಾಗುತ್ತದೆ.

ಹೋಗುವುದಾದರೆ ವಾರದ ನಡುವಿನ ದಿನ, ಊಟ ಮಾಡಿಕೊಂಡು, ಒಬ್ಬರೇ ಹೋಗಿ. ಹಸಿದ ಹೊಟ್ಟೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಭಾನುವಾರ ಸಂಜೆ ಹೋದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಯಾರ್ಡ್ ಮತ್ತು ತರಗುಪೇಟೆ

ಬೆಂಗಳೂರಿನಲ್ಲಿ ಯಶವಂತಪುರದ ಎಪಿಎಂಸಿ ಯಾರ್ಡ್, ತರಗುಪೇಟೆ, ಮೈಸೂರಿನಲ್ಲಿ ಬಂಡೀಪಾಳ್ಯ, ಹುಬ್ಬಳ್ಳಿಯಲ್ಲಿ ಅಮರಗೋಳ. ಭಾರದ ಸಾಮಾನಿಗೆ ಸಗಟು ಜಾಗದ ದರವನ್ನು ಬೇರೆಯವರು ಮುಟ್ಟುವುದು ಕಷ್ಟ. ಪ್ರಶ್ನೆ ಇರುವುದು ಎರಡನೆಯ ಮತ್ತು ನಾಲ್ಕನೆಯ ಅಳತೆಯಲ್ಲಿ, ಅಂದರೆ ಸಾಗಿಸುವುದರಲ್ಲಿ ಮತ್ತು ಕಾಪಾಡುವುದರಲ್ಲಿ.

ಸಾಗಣೆಯ ಲೆಕ್ಕ ಹೀಗೆ. ಶೆಟ್ಟರ ಅಂಗಡಿಗೆ ಹೋಲಿಸಿದರೆ ಅಕ್ಕಿಯಲ್ಲಿ ಕೆಜಿಗೆ 6 ರೂಪಾಯಿ ಉಳಿಯಿತು ಎಂದುಕೊಳ್ಳಿ, 26 ಕೆಜಿ ಮೂಟೆಗೆ 156. ತೊಗರಿಬೇಳೆ 3 ಕೆಜಿಗೆ 45, ಸಕ್ಕರೆ 5 ಕೆಜಿಗೆ 15. ಒಟ್ಟು 216 ರೂಪಾಯಿ. ಬೆಂಗಳೂರಿನ ಆಟೋ ಮೀಟರ್ ದರ 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಮನೆ 8 ಕಿ.ಮೀ. ದೂರದಲ್ಲಿದ್ದರೆ ಒಂದು ಕಡೆಗೆ 144, ಹೋಗಿಬರಲು 288. ಅದೂ ಮೀಟರ್ ಹಾಕುವ ಆಟೋ ಸಿಕ್ಕರೆ! ಉಳಿಸಿದ್ದು 216, ಸುರಿದದ್ದು 288. ಮನೆಯ ಹೆಂಗಸರು ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ಹೋಗಿ, ಬರುವಾಗ ಮಾತ್ರ ಆಟೋ ಹಿಡಿದರೆ 72 ರೂಪಾಯಿ ಉಳಿಯುತ್ತದೆ. ಮೂರು ಮನೆಯವರು ಸೇರಿ ಇಬ್ಬರು ಹೀಗೇ ಹೋಗಿ ಬಂದರೆ ಲೆಕ್ಕವೇ ಬದಲಾಗುತ್ತದೆ: ಒಟ್ಟು 648 ಉಳಿತಾಯದಲ್ಲಿ 144 ಕಳೆದರೆ ಮನೆಗೆ 168. ಆದರೆ ಮೂರು ಮೂಟೆ ಹಿಡಿಸುವ ಆಟೋ ಮೊದಲೇ ಮಾತಾಡಿಕೊಂಡಿರಬೇಕು. ಯಾರ್ಡ್ ಒಂಟಿ ಮನೆಯ ಕೆಲಸವಲ್ಲ ಅನ್ನುವುದು ಇದಕ್ಕೇ.

26 ಕೆಜಿ ಮೂಟೆ ಯಾಕೆ ಅಂತ ಕೇಳಬಹುದು. 25 ಕೆಜಿವರೆಗಿನ ಲೇಬಲ್ ಚೀಲಕ್ಕೆ ಮಾತ್ರ ಆ 5 ಪರ್ಸೆಂಟ್ ತೆರಿಗೆ, ಅದಕ್ಕಿಂತ ಹೆಚ್ಚು ತೂಕದ ಚೀಲಕ್ಕೆ ಇಲ್ಲ. ಹಾಗಾಗಿ 26 ಕೆಜಿ ಚೀಲಗಳು ಮಾರುಕಟ್ಟೆಗೆ ಬಂದವು. ಕೊಳ್ಳುವಾಗ ಮೂಟೆಗೆ ಎಷ್ಟು ಅಂತ ಕೇಳದೆ ತೂಕ ಓದಿ ಭಾಗಿಸಿ. 1,560 ರೂಪಾಯಿಯ 26 ಕೆಜಿ ಚೀಲ ಕೆಜಿಗೆ 60, 1,550 ರೂಪಾಯಿಯ 25 ಕೆಜಿ ಚೀಲ ಕೆಜಿಗೆ 62.

ಅಕ್ಕಿಯ ಗುಣ ನೋಡದೆ ಬೆಲೆ ನೋಡಿ ಉಪಯೋಗವಿಲ್ಲ. ಸೋನಾ ಮಸೂರಿಯಲ್ಲೇ ಹಳೆಯದು, ಹೊಸದು, ಸ್ಟೀಮ್ ಅಂತ ಬೇರೆ ಬೇರೆ ದರ. ಹೊಸ ಅಕ್ಕಿ ಅಗ್ಗ, ಆದರೆ ಅನ್ನ ಮುದ್ದೆಯಾಗುತ್ತದೆ, ಒದಗುವುದೂ ಕಡಿಮೆ. ಲೋಟಕ್ಕೆ ಎರಡು ಲೋಟ ನೀರಿಟ್ಟರೆ ಸಾಕಾಗುತ್ತದೆ. ಹಳೆಯ ಅಕ್ಕಿ ಎರಡೂವರೆಯಿಂದ ಮೂರು ಲೋಟ ನೀರು ಕುಡಿದು ಅರಳುತ್ತದೆ. ಮೂಟೆ ಕೊಳ್ಳುವ ಮುನ್ನ ಅದೇ ಅಕ್ಕಿಯ ಒಂದು ಕೆಜಿ ತಂದು ಮನೆಯಲ್ಲಿ ಅನ್ನ ಮಾಡಿ ನೋಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಅದಕ್ಕೂ ಮುಂಚೆ ನೂರು ಗ್ರಾಂ ಅಕ್ಕಿಯನ್ನು ತಟ್ಟೆಗೆ ಸುರಿದು ನುಚ್ಚು ಬೇರೆ ಮಾಡಿ ತೂಗಿ. 15 ಗ್ರಾಂ ನುಚ್ಚು ಬಂದರೆ 60 ರೂಪಾಯಿಯ ಅಕ್ಕಿಯಲ್ಲಿ ಇಡಿ ಕಾಳಿಗೆ ನೀವು ಕೊಡುತ್ತಿರುವುದು ಕೆಜಿಗೆ 70ಕ್ಕೂ ಮೇಲೆ. ದೋಸೆಗೆ ನೆನೆಸುವ ಮನೆಯಾದರೆ ನುಚ್ಚು ನಷ್ಟವಲ್ಲ, ಅದಕ್ಕೇ ಬಳಸಿ.

ಬೇಳೆ ಬೇಯುವುದಿಲ್ಲ ಅಂತ ಯಾರ್ಡ್‌ನವರನ್ನು ಬೈಯುವ ಮುಂಚೆ ನೀರನ್ನು ನೋಡಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಎಂಥ ಬೇಳೆಯೂ ಬೇಗ ಕರಗುವುದಿಲ್ಲ. ಒಂದು ಹಿಡಿ ಬೇಳೆಯನ್ನು ಫಿಲ್ಟರ್ ನೀರಿನಲ್ಲಿ, ಇನ್ನೊಂದು ಹಿಡಿಯನ್ನು ಬೋರ್‌ವೆಲ್ ನೀರಿನಲ್ಲಿ ಅಷ್ಟೇ ಹೊತ್ತು ಬೇಯಿಸಿದರೆ ತಪ್ಪು ಯಾರದ್ದು ಅಂತ ತಿಳಿಯುತ್ತದೆ.

ಇನ್ನು ಕಾಪಾಡುವುದು. ನಾಲ್ಕು ಜನರ ಮನೆಯಲ್ಲಿ ರಾಗಿ, ಚಪಾತಿಯೂ ನಡೆಯುವುದಾದರೆ ತಿಂಗಳಿಗೆ ಸುಮಾರು 10 ಕೆಜಿ ಅಕ್ಕಿ ಸಾಕು. 26 ಕೆಜಿ ಮೂಟೆ ಎರಡೂವರೆ ತಿಂಗಳು ಕೂರುತ್ತದೆ, ಅಷ್ಟರಲ್ಲಿ ಹುಳ ಆಡಲು ಶುರುವಾಗಿರುತ್ತದೆ. ಮೂಟೆಯನ್ನು ನೆಲದ ಮೇಲೆ, ಗೋಡೆಗೆ ಒರಗಿಸಿ ಇಡಬೇಡಿ, ಹಲಗೆ ಹಾಕಿ. ಬಿಚ್ಚಿದ ಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ, ಹಳೆಯ ಅಕ್ಕಿಯ ತಳದ ಪುಡಿಯನ್ನು ಒರೆಸದೆ ಹೊಸದನ್ನು ಸುರಿಯಬೇಡಿ. ಹುಳದ ಸಂತಾನ ಇರುವುದು ಆ ಪುಡಿಯಲ್ಲೇ. ಅಕ್ಕಿಗೆ ಹುಳ ಬಿದ್ದಿತೆಂದು ಉರಿಬಿಸಿಲಿಗೆ ಹರವಿದರೆ ಕಾಳು ಸೀಳಿ ನುಚ್ಚಾಗುತ್ತದೆ, ನೆರಳಿನಲ್ಲಿ ಆರಿಸಿ. ತೊಗರಿಬೇಳೆಗೆ ಬಿಸಿಲು ಆಗುತ್ತದೆ. ಒಣಗಿಸಿ, ಆರಿದ ಮೇಲೆ ಕೆಜಿಗೆ ಒಂದು ಚಮಚ ಹರಳೆಣ್ಣೆ ಹಚ್ಚಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ರವೆಯನ್ನು ತಂದ ದಿನವೇ ಹುರಿದಿಡಿ. ಫ್ರೀಜರ್‌ನಲ್ಲಿ ಜಾಗ ಇದ್ದರೆ ಕಡಲೆಕಾಳು, ಹೆಸರುಕಾಳಿನ ಪ್ಯಾಕೆಟನ್ನು ಐದಾರು ದಿನ ಅಲ್ಲಿಟ್ಟು ತೆಗೆದರೆ ಮೊಟ್ಟೆಗಳೂ ಸಾಯುತ್ತವೆ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಳೆಯನ್ನು ತಿಂಗಳಿಗಿಂತ ಹೆಚ್ಚು ದಾಸ್ತಾನು ಮಾಡದಿರುವುದೇ ಕ್ಷೇಮ.

ವರ್ಷಕ್ಕೊಮ್ಮೆ ಯಾರ್ಡ್‌ಗೆ ಹೋಗಲೇಬೇಕಾದ ಸಾಮಾನುಗಳೂ ಇವೆ. ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ಧನಿಯ. ಹೊಸ ಹುಣಸೆ, ಹೊಸ ಮೆಣಸಿನಕಾಯಿ ಬರುವುದು ಬೇಸಿಗೆಯ ಹೊತ್ತಿಗೆ. ಸಾರಿನ ಪುಡಿ ಮಾಡಿಡುವ ಮನೆಗಳಿಗೆ ಮಾರ್ಚ್-ಏಪ್ರಿಲ್ ಸರಿಯಾದ ಸಮಯ, ಒಣಗಿಸಲು ಬಿಸಿಲೂ ಇರುತ್ತದೆ. ಹುಣಸೆಗೆ ಕಲ್ಲುಪ್ಪು ಬೆರೆಸಿ ಜಾಡಿಗೆ ಒತ್ತಿಟ್ಟರೆ ವರ್ಷ ಕಳೆಯುತ್ತದೆ.

ಹತ್ತು ನಿಮಿಷದ ಆ್ಯಪ್

ಇದನ್ನು ಬೈಯುವುದು ಈಗ ಫ್ಯಾಷನ್. ಆದರೆ ಆ್ಯಪ್‌ಗೆ ಒಂದು ಒಳ್ಳೆಯ ಗುಣವಿದೆ: ಬೇಕಾದಷ್ಟೇ ತರಿಸಬಹುದು, ಆಟೋ ಬೇಕಿಲ್ಲ. ಒಬ್ಬರೇ ಇರುವವರಿಗೆ, ಕಾಲುನೋವಿನ ಹಿರಿಯರಿಗೆ, ಹಸುಗೂಸು ಇರುವ ಮನೆಗೆ ಅದರ ಬೆಲೆ ಬೇರೆ.

ಖರ್ಚು ಸೋರುವುದು ಬಿಲ್ಲಿನ ಕೆಳಭಾಗದಲ್ಲಿ. ಡೆಲಿವರಿ, ಹ್ಯಾಂಡ್ಲಿಂಗ್, ಸಣ್ಣ ಆರ್ಡರಿಗೆ ಬೇರೆ ಶುಲ್ಕ, ಮಳೆ ಬಂದರೆ ಇನ್ನೊಂದು. ಒಂದು ತೆಂಗಿನಕಾಯಿ, ಒಂದು ಕಟ್ಟು ಕೊತ್ತಂಬರಿಗೆ ಹೋದವರು ‘ಇನ್ನು 90 ರೂಪಾಯಿ ಸೇರಿಸಿದರೆ ಡೆಲಿವರಿ ಉಚಿತ’ ಅಂತ ಕಂಡು ಚಿಪ್ಸ್ ಹಾಕುತ್ತಾರೆ. 25 ರೂಪಾಯಿ ಉಳಿಸಲು 90 ಕೊಟ್ಟಹಾಗಾಯಿತು. ಶುಲ್ಕ ಸರಾಸರಿ 25 ರೂಪಾಯಿ, ತಿಂಗಳಿಗೆ 15 ಆರ್ಡರ್ ಎಂದುಕೊಂಡರೆ 375 ರೂಪಾಯಿ. ಸುಮಾರು ಎರಡು ಕೆಜಿ ತೊಗರಿಬೇಳೆಯ ಹತ್ತಿರದ ದುಡ್ಡು.

ಇನ್ನೊಂದು ಕಣ್ಕಟ್ಟು ತೂಕದ್ದು. ಟೊಮ್ಯಾಟೊ 500 ಗ್ರಾಂ, ಬೀನ್ಸ್ 250 ಗ್ರಾಂ, ಮೆಣಸಿನಕಾಯಿ 100 ಗ್ರಾಂ ಅಂತ ಬೇರೆ ಬೇರೆ ತೂಕಕ್ಕೆ ಬೆಲೆ ತೋರಿಸುವಾಗ ಎಲ್ಲವೂ ಅಗ್ಗವಾಗಿಯೇ ಕಾಣುತ್ತದೆ. ನಾಲ್ಕರಿಂದ, ಹತ್ತರಿಂದ ಗುಣಿಸಿ ನೋಡುವ ಅಭ್ಯಾಸ ಬೇಕು. ಆ್ಯಪ್ ಬಿಡಲು ಆಗದವರಿಗೆ ಉಪಾಯ ಇಷ್ಟೇ: ಬೇಕಾದ್ದನ್ನು ಕಾರ್ಟ್‌ಗೆ ಹಾಕುತ್ತಾ ಹೋಗಿ, ಆರ್ಡರ್ ಒತ್ತುವುದು ಮಾತ್ರ ವಾರಕ್ಕೆ ಎರಡು ಸಲ. ಅಷ್ಟರಲ್ಲಿ ಅರ್ಧ ಸಾಮಾನು ಬೇಡ ಅನ್ನಿಸಿರುತ್ತದೆ.

ಹಾಲಿನ ವಿಚಾರದಲ್ಲಿ ಹೋಲಿಕೆಗೆ ಹೆಚ್ಚೇನೂ ಇಲ್ಲ. ನಂದಿನಿ ಪ್ಯಾಕೆಟಿನ ದರ ಬೂತಿನಲ್ಲೂ ಅಂಗಡಿಯಲ್ಲೂ ಅದೇ, ಮೇಲಿನ ಶುಲ್ಕ ಮಾತ್ರ ಬೇರೆ. ಕಾಫಿಗೆ, ಮೊಸರಿಗೆ ಗಟ್ಟಿ ಬೇಕೆಂದು ಎಲ್ಲ ಹಾಲನ್ನೂ 4.5 ಪರ್ಸೆಂಟ್ ಕೊಬ್ಬಿನ ಶುಭಂ ತರಿಸುವ ಮನೆಗಳು ಒಂದು ಲೀಟರನ್ನು 3 ಪರ್ಸೆಂಟಿನ ನೀಲಿ ಪ್ಯಾಕೆಟ್‌ಗೆ ಬದಲಿಸಿ ನೋಡಬಹುದು.

ತರಕಾರಿಗೆ ಬೇರೆ ನ್ಯಾಯ

ಬಾಡುವ ಸಾಮಾನಿನಲ್ಲಿ ಕೆಜಿ ದರಕ್ಕಿಂತ ಎಸೆದದ್ದು ಎಷ್ಟು ಅನ್ನುವುದೇ ಮುಖ್ಯ. 40 ರೂಪಾಯಿಯಂತೆ 2 ಕೆಜಿ ಬೀನ್ಸ್ ತಂದು ಅರ್ಧ ಕೆಜಿ ಕೊಳೆಸಿದರೆ ಬಾಯಿಗೆ ಬಿದ್ದ ಬೀನ್ಸ್ ಕೆಜಿಗೆ 53 ರೂಪಾಯಿಯದ್ದು. ತಳ್ಳುಗಾಡಿಯಲ್ಲಿ 50 ರೂಪಾಯಿ ದರಕ್ಕೆ ಕಾಲು ಕೆಜಿ ತಂದವರೇ ಜಾಣರು.

ಹಾಪ್‌ಕಾಮ್ಸ್ ಮಳಿಗೆಯಲ್ಲಿ ದಿನದ ದರ ಬೋರ್ಡಿನ ಮೇಲೆ ಇರುತ್ತದೆ, ಚೌಕಾಸಿ ಇಲ್ಲ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ ಸಂಸ್ಥೆ ಇದು, ಲಾಲ್‌ಬಾಗ್‌ನಲ್ಲಿ ಕಚೇರಿ. ಬೆಲೆ ಗೊತ್ತಿಲ್ಲದವರಿಗೆ ಆ ಬೋರ್ಡೇ ದೊಡ್ಡ ಉಪಕಾರ. ಕೊಳ್ಳದಿದ್ದರೂ ದಾರಿಯಲ್ಲಿ ಓದಿಕೊಂಡು ಹೋದರೆ ತಳ್ಳುಗಾಡಿಯವರು ಹೇಳಿದ ಬೆಲೆ ಸರಿಯೋ ಅಲ್ಲವೋ ತಿಳಿಯುತ್ತದೆ. ಕೊರತೆ ಅಂದರೆ ಮಧ್ಯಾಹ್ನ ಕಳೆದ ಮೇಲೆ ಸೊಪ್ಪು ಸೊರಗಿರುತ್ತದೆ, ಬೇಕಾದ ತರಕಾರಿ ಎಲ್ಲ ದಿನ ಇರುವುದಿಲ್ಲ.

ತಳ್ಳುಗಾಡಿಯವರು ಸಗಟು ಮಾರುಕಟ್ಟೆಯಿಂದ ತಂದ ಮೇಲೆ ಮನೆ ಬಾಗಿಲವರೆಗೆ ತಳ್ಳಿಕೊಂಡು ಬಂದ ಕೂಲಿಯನ್ನು ಸೇರಿಸಿಯೇ ಬೆಲೆ ಹೇಳುವುದು. ಅದು ನ್ಯಾಯವೇ. ಆಟೋ ಖರ್ಚಿನ ಮುಂದೆ ಅದು ಕಡಿಮೆಯೇ. ವಾರದ ಸಂತೆ ನಡೆದು ಹೋಗುವ ದೂರದಲ್ಲಿದ್ದರೆ ಅದಕ್ಕೆ ಸಾಟಿಯಿಲ್ಲ. ದೀಪ ಹಚ್ಚುವ ಹೊತ್ತಿಗೆ ಸೊಪ್ಪು, ಟೊಮ್ಯಾಟೊ, ಬದನೆಯ ದರ ಇಳಿಯುತ್ತದೆ. ವಾಪಸ್ ಹೊತ್ತುಕೊಂಡು ಹೋಗಲು ಯಾರಿಗೂ ಇಷ್ಟವಿಲ್ಲ. ಆದರೆ ಸಂಜೆಯ ಸಾಮಾನು ಎರಡು ದಿನಕ್ಕಿಂತ ಹೆಚ್ಚು ತಡೆಯದು. ಈರುಳ್ಳಿ, ಬೆಳ್ಳುಳ್ಳಿಯನ್ನು ಮಾತ್ರ ಹೆಚ್ಚು ತನ್ನಿ, ಗಾಳಿಯಾಡುವ ಬುಟ್ಟಿಯಲ್ಲಿ, ಆಲೂಗಡ್ಡೆಯಿಂದ ದೂರ ಇಡಿ.

ಟೊಮ್ಯಾಟೊಗೆ ನಿಷ್ಠೆ ಬೇಡ. 2023ರ ಜುಲೈನಲ್ಲಿ ಕೆಜಿಗೆ ನೂರು ದಾಟಿದ್ದು ನೆನಪಿರಬಹುದು. ಅಂಥ ತಿಂಗಳಲ್ಲಿ ಹುಳಿಗೆ ಹುಣಸೆ ಇದೆ, ಮಾವಿನಕಾಯಿ ಇದ್ದರೆ ಅದೂ ಆಯಿತು. ಯಾವ ಅಂಗಡಿ ಅಂತ ಹುಡುಕುವುದಕ್ಕಿಂತ ಸಾರು ಬದಲಿಸುವುದು ಅಗ್ಗ.

ಯಾರಿಗೆ ಯಾವುದು

ಪಿಜಿ ಬಿಟ್ಟು ಬಾಡಿಗೆ ಮನೆ ಹಿಡಿದ ಒಬ್ಬರು ಅಥವಾ ಇಬ್ಬರಿಗೆ ಯಾರ್ಡ್ ಬೇಡವೇ ಬೇಡ, ಮಾರ್ಟ್‌ನ ಐದು ಕೆಜಿ ಪ್ಯಾಕೂ ಬೇಡ. ಶೆಟ್ಟರ ಅಂಗಡಿಯಿಂದ ಬಿಡಿ ಸಾಮಾನು, ತಳ್ಳುಗಾಡಿಯಿಂದ ತರಕಾರಿ, ವಾರಕ್ಕೊಮ್ಮೆ ಆ್ಯಪ್. ಇಷ್ಟು ಸಾಕು.

ಇಬ್ಬರೂ ಕೆಲಸಕ್ಕೆ ಹೋಗುವ, ಸಣ್ಣ ಮಗುವಿರುವ ಮನೆಗೆ ಎರಡು ತಿಂಗಳಿಗೊಮ್ಮೆ ಮಾರ್ಟ್: ಡೈಪರ್, ಬಟ್ಟೆ ಪುಡಿ, ಎಣ್ಣೆ, ಟೀ ಪುಡಿ ಮಾತ್ರ. ಬೇಳೆಕಾಳು ಪ್ರತಿ ತಿಂಗಳು ಶೆಟ್ಟರಿಂದ, ಮನೆಗೇ ತಲುಪಿಸುತ್ತಾರೆ. ಇವರಿಗೆ ಸಮಯಕ್ಕೂ ಬೆಲೆಯಿದೆ, ಹಾಗಾಗಿ ಯಾರ್ಡ್‌ನಲ್ಲಿ ನೂರೈವತ್ತು ಉಳಿಸಲು ಒಂದು ಶನಿವಾರ ಕಳೆಯುವುದು ಸರಿಹೋಗದು.

ಏಳೆಂಟು ಜನರ ಕೂಡುಕುಟುಂಬಕ್ಕೆ ಯಾರ್ಡ್ ಹೇಳಿ ಮಾಡಿಸಿದ್ದು. ಮೂಟೆ ಒಂದೂವರೆ ತಿಂಗಳೊಳಗೆ ಮುಗಿಯುತ್ತದೆ, ಹುಳಕ್ಕೆ ಅವಕಾಶ ಕಡಿಮೆ. 15 ಕೆಜಿ ಎಣ್ಣೆ ಡಬ್ಬ ಮಾತ್ರ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಡಬ್ಬ ತುಂಬಿದ್ದರೆ ಕೈ ಧಾರಾಳವಾಗುತ್ತದೆ, ಬಜ್ಜಿ-ಬೋಂಡ ಹೆಚ್ಚುತ್ತದೆ. ಲೀಟರ್ ಪ್ಯಾಕೆಟ್ ಇದ್ದರೆ ತಿಂಗಳಿಗೆ ಎಷ್ಟು ಖರ್ಚಾಯಿತು ಅಂತ ಎಣಿಸಬಹುದು.

ಪಡಿತರ ಅಕ್ಕಿ ಬರುವ ಮನೆಯ ಲೆಕ್ಕದಿಂದ ಅಕ್ಕಿಯೇ ಬಹುಪಾಲು ಹೊರಗೆ ಹೋಗುತ್ತದೆ. ಅವರ ದುಡ್ಡು ಹೋಗುವುದು ಬೇಳೆ, ಎಣ್ಣೆ, ತರಕಾರಿಗೆ. ದಿನಗೂಲಿಯ ಮನೆಗೆ ತಿಂಗಳ ಸಾಮಾನು ಒಟ್ಟಿಗೆ ತರುವ ಸಲಹೆಯೇ ಸುಳ್ಳು, ಅಷ್ಟು ದುಡ್ಡು ಒಂದೇ ದಿನ ಕೈಯಲ್ಲಿ ಇರುವುದಿಲ್ಲ. ವಾರದ ಬಟವಾಡೆ ದಿನ ಒಂದು ಕೆಜಿ ಬೇಳೆ, ಒಂದು ಲೀಟರ್ ಎಣ್ಣೆ ನಗದಿಗೆ ತಂದುಬಿಟ್ಟರೆ, ದಿನಾ ನೂರು ಗ್ರಾಂ ಲೆಕ್ಕದಲ್ಲಿ ಉದ್ರಿ ತರುವುದಕ್ಕಿಂತ ಕೆಜಿಗೆ ಹತ್ತಾರು ರೂಪಾಯಿ ಕಡಿಮೆ ಬೀಳಬಹುದು.

ತೂಕ ಮತ್ತು ತಿಂಗಳ ಪರೀಕ್ಷೆ

ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬೀಳಬೇಕು. ಅನುಮಾನ ಬಂದರೆ ಜಗಳ ಬೇಡ. ಅಲ್ಲೇ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ತೆಗೆದು ತಕ್ಕಡಿ ಮೇಲೆ ಇಡಿ. ಕವರ್ ಸೇರಿ ಒಂದು ಕೆಜಿಗಿಂತ ನಾಲ್ಕಾರು ಗ್ರಾಂ ಹೆಚ್ಚು ತೋರಿಸಬೇಕು. 1,080 ತೋರಿಸಿದರೆ ನಿಮಗೆ ಕೆಜಿಗೆ ಸುಮಾರು 70 ಗ್ರಾಂ ಕಡಿಮೆ ಬರುತ್ತಿದೆ. ತೂಗುವ ಬುಟ್ಟಿ ಇಟ್ಟ ಮೇಲೆ ಅಂಕಿ ಸೊನ್ನೆಗೆ ಬಂದಿತೇ ಅಂತಲೂ ನೋಡಿ. ದೂರು ಕೊಡಬೇಕಾದರೆ ಗ್ರಾಹಕ ಸಹಾಯವಾಣಿ 1915.

ನಿರ್ಧಾರಕ್ಕೆ ಬರಲು ಒಂದು ತಿಂಗಳು ಸಾಕು. ನಿಮ್ಮ ಮನೆಯ ಹನ್ನೆರಡು ಸಾಮಾನು ಆರಿಸಿಕೊಳ್ಳಿ: ಅಕ್ಕಿ, ರಾಗಿ, ಗೋಧಿ ಹಿಟ್ಟು, ತೊಗರಿಬೇಳೆ, ಉದ್ದಿನಬೇಳೆ, ಎಣ್ಣೆ, ಸಕ್ಕರೆ, ಬೆಲ್ಲ, ಟೀ ಅಥವಾ ಕಾಫಿ ಪುಡಿ, ಬಟ್ಟೆ ಪುಡಿ, ಸ್ನಾನದ ಸೋಪು, ಈರುಳ್ಳಿ. ನೋಟ್‌ಬುಕ್ಕಿನಲ್ಲಿ ಅಂಗಡಿಗೊಂದು ಗೆರೆ ಎಳೆದು ಒಂದೇ ವಾರದಲ್ಲಿ ಕೆಜಿ ದರ ಬರೆಯಿರಿ. ಬೇರೆ ಬೇರೆ ವಾರದಲ್ಲಿ ಬರೆದರೆ ಹೋಲಿಕೆ ಕೆಡುತ್ತದೆ. ಗುಣವೂ ಒಂದೇ ಇರಲಿ, ಅಲ್ಲಿ ಸ್ಟೀಮ್ ಅಕ್ಕಿ, ಇಲ್ಲಿ ಹಳೆ ಅಕ್ಕಿ ಆಗಬಾರದು. ಪಕ್ಕದಲ್ಲಿ ತಿಂಗಳಿಗೆ ಬೇಕಾದ ಪ್ರಮಾಣದಿಂದ ಗುಣಿಸಿ. ಎಲ್ಲಿ ವ್ಯತ್ಯಾಸ ತಿಂಗಳಿಗೆ 20 ರೂಪಾಯಿಗಿಂತ ಕಡಿಮೆಯೋ ಆ ಸಾಲನ್ನು ಮರೆತುಬಿಡಿ. ಸಾಮಾನ್ಯವಾಗಿ ನಾಲ್ಕೈದು ಸಾಮಾನು ಮಾತ್ರ ಉಳಿದುಕೊಳ್ಳುತ್ತವೆ, ಓಡಾಟ ಅವಕ್ಕಷ್ಟೇ ಮಾಡಿದರೆ ಸಾಕು.

ಆ ಪಟ್ಟಿಯಲ್ಲಿ ತೊಗರಿಬೇಳೆಯ ಸಾಲನ್ನು ಮಾತ್ರ ಮೂರು ತಿಂಗಳಿಗೊಮ್ಮೆ ಹೊಸದಾಗಿ ಬರೆಯಬೇಕು. ಕಲಬುರಗಿ ಕಡೆಯ ಹೊಸ ತೊಗರಿ ಡಿಸೆಂಬರ್-ಜನವರಿಯಲ್ಲಿ ಕಟಾವಾಗಿ ಬರುತ್ತದೆ. ಆಗ ಯಾರ್ಡ್‌ನ ದರ ಇಳಿದರೂ, ಶೆಟ್ಟರ ಅಂಗಡಿಯಲ್ಲಿ ಹಳೆಯ ಚೀಲ ಖಾಲಿಯಾಗುವವರೆಗೆ ಹಳೆಯ ದರವೇ ನಡೆದಿರುತ್ತದೆ.